ಮೂರನೆಯ ಕಿವಿ

ಡನೀಡಿನ್ ಕೋರ್ಟಿನಲ್ಲಿ ಬೆರಳಚ್ಚು ನನ್ನ ಕೆಲಸ:
ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಎತ್ತಿಡುವುದು.
ತಡವರಿಸಿದರೆ ತಡವರಿಕೆ, ಕೆಮ್ಮಿದರೆ ಕೆಮ್ಮು;
ನಿಟ್ಟುಸಿರಿಗೆ ಮಾತ್ರ ನಮ್ಮಲ್ಲಿ ಚಿಹ್ನೆಯಿಲ್ಲ.

ಆ ವಾರ ಬಂದದ್ದು ಜೇನಿನ ಮೊಕದ್ದಮೆ.
ಯೂವನ್ ಮೆಕ್ಕೆಲ್ವಿ, ಮನುಹೆರಿಕಿಯಾ ಹೊಳೆಯ ಮೇಲ್ದಂಡೆಯವನು,
ಕಾಡು ಥೈಮ್ ಹೂಬಿಟ್ಟು ಗುಡ್ಡ ನೇರಳೆಯಾಗುವಲ್ಲಿ
ಇನ್ನೂರ ಹನ್ನೆರಡು ಪೆಟ್ಟಿಗೆ ಇಟ್ಟವನು.
ತೊಟ್ಟ ಸೂಟು ಮದುವೆಯದ್ದೇ ಇರಬೇಕು,
ಹೊಟ್ಟೆಯ ಮೇಲಿನ ಗುಂಡಿ ಜೀವ ಬಿಗಿಹಿಡಿದಿತ್ತು.

ಎದುರಿಗೆ ವಿನಿಫ್ರೆಡ್ ಪಾಸ್ಕೋ.
ಅಂಚೆ ಕಚೇರಿಯ ಸಾಲಿನಲ್ಲಿ, ಇಬ್ಬರ ಮುಂದೆ, ಅಂದದ್ದು ಇಷ್ಟು:
"ನೀಲಿ ಗೇಟಿನವನ ಹುಳಗಳು ಹೂವಿಗೆ ಹೋಗುವುದಿಲ್ಲ,
ಸಕ್ಕರೆ ಮೂಟೆಗೆ ಹೋಗುತ್ತವೆ. ಅವನಪ್ಪನೂ ಹಾಗೇ."

ಹೆಸರೇ ಎತ್ತಿಲ್ಲವಲ್ಲ, ಎಂದರು ಆಕೆಯ ವಕೀಲರು.
ಆ ಕಣಿವೆಯಲ್ಲಿ ನೀಲಿ ಗೇಟು ಎಷ್ಟಿವೆ?
ಅಂಚೆಯ ಹುಡುಗಿ ಒಂದು ಬೆರಳೆತ್ತಿದಳು.
ದಾಖಲೆಗೆ ಬಾಯಿಬಿಟ್ಟು ಹೇಳಮ್ಮ.
"ಒಂದು."

ನ್ಯಾಯಾಧೀಶರು ಜ್ಯೂರಿಯ ಕಡೆ ತಿರುಗಿದರು.
ಅವನ ಮುಖಕ್ಕೇ ಅಂದಿದ್ದರೆ ಅದು ಜಗಳ.
ಖಾಲಿ ಗುಡ್ಡಕ್ಕೆ ಕೂಗಿದ್ದರೆ ಗಾಳಿಯ ಪಾಲು.
ಮೂರನೆಯ ಕಿವಿಗೆ ಬಿದ್ದ ಮೇಲೆಯೇ
ಮಾತು ಈ ಕಟ್ಟಡದ ಹೊಸಿಲು ತುಳಿಯುವುದು.

"ಅವನ ಜೇನು ನನಗೆ ಒಗ್ಗದು" ಎಂದಿದ್ದರೆ
ನಾಲಿಗೆ ನಿಮ್ಮದು, ಯಾರೂ ಕೇಳುತ್ತಿರಲಿಲ್ಲ.
ಸಕ್ಕರೆ ಎಂದಿರಿ. ಅದು ರುಚಿಯಲ್ಲ, ಸಂಗತಿ.
ನಿಜವಾದರೆ, ಎಷ್ಟೇ ಕಹಿಯಿರಲಿ, ಗೆಲುವು ನಿಮ್ಮದೇ;
ಆದರೆ ಆ ನಿಜವನ್ನು ಹೊತ್ತು ತರಬೇಕಾದ ಹೆಗಲೂ ನಿಮ್ಮದೇ.

ತಂದೆಯ ವಿಷಯ ಬಿಡೋಣ,
ಸತ್ತವರಿಗೆ ಮಾನವಿಲ್ಲ.
ಯೂವನ್ ಮೊದಲ ಸಲ ತಲೆಯೆತ್ತಿದ.
ಅಂದರೆ, ಕಾನೂನು ಕಾಯುವಂಥ ಮಾನವಿಲ್ಲ,
ಎಂದು ತಿದ್ದಿಕೊಂಡರು. ತಿದ್ದಿದ್ದನ್ನೂ ಅಚ್ಚಿಸಿದೆ.

ಪ್ರಯೋಗಾಲಯದವನು ಪರಾಗ ಎಣಿಸಿ ತಂದಿದ್ದ.
ಕಬ್ಬಿನ ಸುಳಿವಿಲ್ಲ, ಬೀಟ್‌ರೂಟಿನದೂ ಇಲ್ಲ.
ವಿನಿಫ್ರೆಡ್ ಕೈಚೀಲದ ಕೊಕ್ಕೆ ತೆಗೆದಳು, ಹಾಕಿದಳು.
ನನಗೆ ನಾದಿನಿ ಹೇಳಿದ್ದು, ನಾನು ಹೇಳಿದೆ ಅಷ್ಟೆ.
ಹೊತ್ತವರ ಹೆಸರು ಹೇಳಿದರೆ ಹೊರೆ ಇಳಿಯದು, ಎಂದರು ಪೀಠದಿಂದ.
ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಎಂದಳು.

ಯೂವನ್ ಕೇಳದೆಯೇ ಉತ್ತರಿಸಿದ,
ಯಾರೂ ತಡೆಯಲಿಲ್ಲ:
ನನ್ನ ಬಳಿ ಒಂದು ತಗಡಿನ ಡಬ್ಬಿಯಿದೆ.
ಪೈನ್ ಎಲೆ ತುಂಬಿ ತಿದಿ ಒತ್ತುತ್ತೇನೆ.
ಹುಳಗಳು ಮನೆಗೆ ಬೆಂಕಿ ಬಿತ್ತೆಂದೇ ನಂಬಿ
ಸಿಕ್ಕಷ್ಟು ಜೇನು ನುಂಗಿ ಸುಮ್ಮನಾಗುತ್ತವೆ.
ಬೆಂಕಿ ಅವುಗಳ ಮನೆಯಲ್ಲಿರುವುದಿಲ್ಲ, ಮೇಡಂ.
ನನ್ನ ಕೈಯಲ್ಲಿರುತ್ತದೆ.

ನಾನು ಲೆಕ್ಕ ಇಟ್ಟಿದ್ದೇನೆ. ಆಕೆ ಒಂದು ಸಲ ಅಂದ ವಾಕ್ಯವನ್ನು
ಮೂರು ದಿನದಲ್ಲಿ ನಲವತ್ತೊಂದು ಸಲ ಅಚ್ಚಿಸಿದೆ,
ಒಂದಕ್ಷರ ತಪ್ಪದೆ, ಜೆರಾಕ್ಸ್ ಆರು.
ನನ್ನ ಮೇಲೆ ದಾವೆ ಹೂಡುವಂತಿಲ್ಲ:
ಈ ಛಾವಣಿಯಡಿ ಆಡಿದ್ದಕ್ಕೆ ಕಾನೂನೇ ಕೊಡೆ ಹಿಡಿಯುತ್ತದೆ.

ಯೂವನ್ ಗೆದ್ದ.
ಮಾನವನ್ನು ಯಾವ ತಕ್ಕಡಿಯಲ್ಲಿ ತೂಗಿದರೋ,
ಹಳೇ ಟ್ರಕ್ಕು ಕೊಳ್ಳುವಷ್ಟು ಹಣ ಬಂತು.
ಕ್ಷಮಾಪಣೆ ಗುರುವಾರದ ಪತ್ರಿಕೆಯಲ್ಲಿ,
ಟೈರಿನ ಜಾಹೀರಾತಿನ ಕೆಳಗೆ, ನಾಲ್ಕು ಸಾಲು.
ಮೆಟ್ಟಿಲಿಳಿಯುವಾಗ ಗುಂಡಿ ಬಿಚ್ಚಿಕೊಂಡ,
ಯಾರ ಕೈಯನ್ನೂ ಕುಲುಕಲಿಲ್ಲ.

ಶನಿವಾರ ಅಂಗಡಿಗೆ ಹೋಗಿದ್ದೆ, ಬ್ರೆಡ್ಡಿಗೆ.
ಮೇಲಿನ ಹಲಗೆಯಲ್ಲಿ ಅವನ ಸೀಸೆಗಳು,
ಚೀಟಿಯ ಮೇಲೆ ಪುಟ್ಟ ನೀಲಿ ಗೇಟು.
ತೀರ್ಪನ್ನು ಈ ಬೆರಳುಗಳೇ ಬರೆದಿದ್ದವು.
ಪರಾಗದ ಲೆಕ್ಕ ನನಗೆ ಬಾಯಿಪಾಠ.
ಕೈ ಚಾಚಿದೆ.
ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ,
ತಳದಲ್ಲಿ ಏನೋ ಹರಳುಗಟ್ಟಿತ್ತು.
ಜೇನು ಹರಳುಗಟ್ಟುವುದು ಸಹಜ, ಅದೂ ಸಾಕ್ಷ್ಯದಲ್ಲಿದೆ,
ಪುಟ ತೊಂಬತ್ತಾರು.

ಪಕ್ಕದ ಸೀಸೆ ತೆಗೆದುಕೊಂಡೆ.