ಗಾಲಿ ಬಡಿಯುವವನ ಹೆಂಡತಿ

ಬೂದಿ ಬುಧವಾರ ಗುಡಿಯಿಂದ ಹೊರಬಿದ್ದ ಕೂಡಲೆ
ಎಲ್ಲಾರೂ ತಮ್ಮ ತಮ್ಮ ಲೆಕ್ಕ ಒಪ್ಪಸತಾರ.
ಒಬ್ಬರು ಚಹಾ ಬಿಟ್ಟರು, ಒಬ್ಬರು ಮಟನ್,
ಹಂಚಿನಮನಿ ಕರುಣಾಬಾಯಿ ಧಾರಾವಾಹಿ ಬಿಟ್ಟಳು
(ಹದಿನೈದು ದಿನಕ್ಕ ಮತ್ತ ಹಿಡದಾಳು, ಬಿಡ್ರಿ).
ನಾನು ಏನು ಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ.
ಹೇಳಿದ್ದರ ಅಲ್ಲೇ ಮುರೀತಿತ್ತು ಉಪವಾಸ.

ನಮ್ಮ ಮನಿಯವರಿಗೆ ಮಾತು ತಡೀತದ.
ಮೊದಲ ಅಕ್ಷರ ಹಲ್ಲಿನ ಹಿಂದ ನಿಂತು
ಸಿಗ್ನಲ್ ಬೀಳದ ಗೂಡ್ಸ್ ಗಾಡಿ ಹಂಗ
ಉಸಿರು ಬಿಡತದ, ಉಸಿರು ಬಿಡತದ.
ಮೂವತ್ತೊಂದು ವರ್ಷ
ಹಸಿರು ನಿಶಾನಿ ನಾನಽ ತೋರಸೇನಿ.

"ಉ... ಉ..." ಅಂದರ ಉಪ್ಪಿಟ್ಟು ಬಡಿಸಿದೆ.
"ನಾ... ನಾ..." ಅಂದರ, ನಾಳೆ ಹೋದರಾತು ತಗೋರಿ, ಅಂದೆ.
ಅಂಗಡ್ಯಾಗ, ದವಾಖಾನ್ಯಾಗ, ಬೀಗರ ಮುಂದ
ಅವರ ಬಾಯಾಗ ನನ್ನ ಮಾತು ಇಟ್ಟು
ಎಷ್ಟು ಚಲೋ ಹೆಂಡತಿ ಅನಿಸಿಕೊಂಡೆ.
ಪ್ರಾರ್ಥನಾ ಕೂಟದಾಗ ಅವರ ಸರತಿ ಬಂದರ
ಅವರ ಪಾಲಿಂದೂ ನಾನಽ ಬೇಡಿಕೊಂಡೆ.
ದೇವರಿಗೂ ರೂಢಿ ಆಗಿತ್ತೋ ಏನೋ,
ಅಂವಾ ಏನೂ ಅನ್ನಲಿಲ್ಲ.

ಇದೇ ಮನಷ್ಯಾ
ಹುಬ್ಬಳ್ಳಿ ಯಾರ್ಡಿನಾಗ ನಡುರಾತ್ರಿ
ಉದ್ದ ಕಾವಿನ ಸುತ್ತಿಗಿ ಹಿಡಕೊಂಡು
ಒಂದೊಂದ ಗಾಲಿ ಬಡದು ನಿಂದರತಿದ್ದರು.
ಗಟ್ಟಿ ಗಾಲಿ ಗಂಟಿ ಹಂಗ ದನಿ ಎಳೀತದ,
ಸೀಳಿದ್ದು ಠಪ್ ಅಂತ ಸುಮ್ಮನಾಗತದ.
"ಬಡಿಯೂದು ಯಾರಿಗೂ ಬರತದ, ಬಾಯಾರ,
ಬಡದಮ್ಯಾಲೆ ನಿಂದರೂದು ನೋಡ್ರಿ, ಅದು ಕೆಲಸ."
ಇದೂ ಅವರು ಹೇಳಿದ್ದಲ್ಲ.
ರಿಟೈರ್ ಆದ ದಿನ ಹಾರ ಹಾಕಲಿಕ್ಕೆ ಬಂದ
ಜೋಡೀದಾರ ಮೌಲಾಸಾಬ ಹೇಳಿದ್ದು.

ಮೊದಲನೇ ವಾರ ಭಾಳ ತ್ರಾಸಾತು.
ಸೆರಗು ಕಚ್ಚಿ ಹಿಡದೆ,
ರೊಟ್ಟಿ ಬಡಿಯೂ ಸಪ್ಪಳದಾಗ ಅಡಗಿದೆ.
ಅವರೂ ಅಂಜಿದರು. ಅರ್ಧಕ್ಕ ನಿಂತು
ಕೈಯಾಗಿನ ಬಡಗಿ ಎಲ್ಲಿಟ್ಟೆ ಅನ್ನೂವರಂಗ
ನನ್ನ ಮಾರಿ ನೋಡತಿದ್ದರು.
ಎರಡು ಸಲ ಉಪವಾಸ ಮುರದೆ, ಸುಳ್ಳು ಯಾಕ ಹೇಳಲಿ.

ಮೂರನೇ ರವಿವಾರ ಸಂಡೇಸ್ಕೂಲಿನಾಗ
ಗೆತ್ಸೇಮನೆ ತೋಟದ ರಾತ್ರಿ ಹೇಳತಿದ್ದೆ.
ಪೇತ್ರ ಕತ್ತಿ ಹಿರಿದ, ಮಲ್ಕನ ಬಲಗಿವಿ ಕಡದ.
ಹಿಂದಿನ ಬಾಕಿನಿಂದ ಸಣ್ಣದೊಂದು ಹುಡುಗಿ,
"ಟೀಚರ್, ವಾಸಿ ಆದ ಕಿವಿಗೆ
ಮೊದಲು ಏನು ಕೇಳಿಸ್ತು?"
ಉತ್ತರ ನಾಲಗಿ ತುದಿಗೆ ಓಡಿ ಬಂತು. ನುಂಗಿದೆ.
ಹುಡುಗರು ನನ್ನ ನೋಡಿದರು, ನಾನು ಹುಡುಗರನ್ನ.
ಫ್ಯಾನಿನ ಒಂದು ರೆಕ್ಕಿ ಕಿರಗುಡೂದು
ಹನ್ನೆರಡು ವರ್ಷದಾಗ ಅವತ್ತ ಗೊತ್ತಾತು.

ಮನಿಗೆ ಬರೂ ದಾರಿ ಪೂರಾ ಅದಽ.
ಶಿಲುಬಿಗಿಂತ ಮುಂಚೆ ಕರ್ತನ ಕೈ
ಕಡೇಕ ವಾಸಿ ಮಾಡಿದ್ದು ಒಂದು ಕಿವಿ.
ಕಡದಾಂವ ವೈರಿ ಅಲ್ಲ.
ಜೀವ ಇಟ್ಟುಕೊಂಡಾಂವ,
ಅವಸರದಾಗ ಇದ್ದ ಅಷ್ಟ.

ಮರುದಿನ ಮುಂಜಾನೆ ಅಡಗಿಮನಿ ಬಾಗಿಲಿಗೆ ಬಂದು
"ಉ..." ಅಂದರು.
ಸೌಟು ಹಿಡದು ನಿಂತೆ.
"ಉ... ಉ..."
ಒಗ್ಗರಣಿ ಎಣ್ಣಿ ಹೊಗಿ ಆಡಿತು. ಸಾಸಿವಿ ಕರಕಾತು.
"ಉ... ಉಣಕಲ್ಲ ಕೆರಿಗೆ ಹೋಗೂಣೇನು, ಸಂಜಿಮುಂದ?"

ಎಷ್ಟು ವರ್ಷ ಉಪ್ಪಿಟ್ಟು ತಿಂದಾರೋ ಪುಣ್ಯಾತ್ಮ
ಆ ಕೆರಿ ಸಲುವಾಗಿ.

ಒಂದೆರಡು ಸಲ ಹೋಗಿ ಬಂದಿವಿ.
ನಿನ್ನೆ ಕಲ್ಲಬಾಕಿನ ಮ್ಯಾಲೆ ಕೂತು
ಶೇಂಗಾ ಪೊಟ್ಟಣ ನಡುವ ಇಟ್ಟುಕೊಂಡಾಗ
"ನಾ..." ಅಂದರು.
ಹಿಂದ ಧಾರವಾಡದ ಬಸ್ಸು ಹಾರ್ನ್ ಹೊಡಕೊಂತ ಹೋತು,
ಒಂದು ನೀರುಕಾಗಿ ಮುಳುಗಿ ಎಲ್ಲೋ ಎದ್ದಿತು.
"ನಾ... ನಾ..."
ನಾಳೆಯೋ, ನಾನೋ, ನಾಚಿಕಿಯೋ,
ನನಗ ಗೊತ್ತಿಲ್ಲದ ಯಾರದೋ ಹೆಸರೋ.
ಅವರ ಬೆರಳು ಕಲ್ಲು ಬಡೀತಿತ್ತು, ಮೆಲ್ಲಕ,
ಬಡದು ನಿಂದರತಿತ್ತು.

ಶೇಂಗಾ ಸಿಪ್ಪಿ ಮುಷ್ಟ್ಯಾಗ ಹಿಡಕೊಂಡು ಕೂತೆ.
ಈಸ್ಟರಿಗೆ ಇನ್ನೂ ಹನ್ನೊಂದು ದಿನ ಇತ್ತು.