ಚೀಟಿಗೆ ಬಂದದ್ದೇ ತೂಕ

ಏಳೂ ಇಪ್ಪತ್ತಕ್ಕೆ ಗುಂಡಿ ಒತ್ತಿದೆ.
ಏನೂ ಇಲ್ಲ.
ಬೀಪ್ ಇಲ್ಲ, ಫ್ಯಾನಿನ ಗೊರಗೊರ ಇಲ್ಲ,
ಹಸಿರು ದೀಪ ಹತ್ತವಲ್ದು.
ಕಿಟಕಿಯಾಚೆ, ಕಾಟಾದ ಕಬ್ಬಿಣದ ಹಾಸಿನ ಮೇಲೆ
ಮರ್ಲಾನಹಳ್ಳಿಯಿಂದ ಬಂದ ಹುಲಿಗೆಪ್ಪನ ಲಾರಿ,
ತುಂಬ ಹಸಿ ಭತ್ತ,
ಅದರ ಬೆನ್ನಿಗೆ ಐದು ಟ್ರ್ಯಾಕ್ಟರು, ರಸ್ತೆಯ ತನಕ.

ಕೆಂಪಂಕಿಯ ಡಬ್ಬಿಗೇನೂ ಆಗಿರಲಿಲ್ಲ.
ಇಪ್ಪತ್ತನಾಲ್ಕು ಸಾವಿರದ ಆರುನೂರ ಎಂಬತ್ತು,
ಅಂತ ಉರಿಯುತ್ತಿತ್ತು.
ನನಗೆ ಕಾಣುತ್ತಿತ್ತು, ಸೀಟಿನಲ್ಲಿ ಕೂತ ಅವನಿಗೂ.
ಆದರೆ ಕಾರಟಗಿಯ ಯಾವ ಮಿಲ್ಲೂ
ಕಣ್ಣಿಗೆ ಕಂಡ ತೂಕ ಕೊಳ್ಳುವುದಿಲ್ಲ;
ಚೀಟಿಗೆ ಬಂದದ್ದೇ ತೂಕ.

ಎದುರಿನ ಚಾದಂಗಡಿಯಿಂದ ಯಂಕೋಬ ಎದ್ದು ಬಂದ.
ನನಗಿಂತ ಮೊದಲು ಹನ್ನೊಂದು ವರ್ಷ ಇದೇ ಕುರ್ಚಿ.
"ಬಲಗಡೆ ಕಪಾಳಕ್ಕೊಂದು ಬಿಡು ತಂಗಿ, ಏಳ್ತೈತಿ."
ಬಿಟ್ಟೆ.
ಒಳಗಿಂದ ಒಂದು ಜಿರಳೆ ಹೊರಟಿತು,
ಅದೂ ಅವಸರವಿಲ್ಲದೆ.

ಸಾಹುಕಾರರ ಫೋನು: ಕರೆಂಟು ನೋಡಿದೇನು?
ನೋಡಿದೆ. ಅದೇ ಸಾಕೆಟ್ಟಿಗೆ ಮೊಬೈಲು ಹಚ್ಚಿದೆ, ಏರಾಕ್ಹತ್ತೈತಿ.
ವೈರು?
ಪ್ರಿಂಟರಿಂದು ಕಿತ್ತು ಇದಕ್ಕೆ ಹಾಕಿದೆ.
ಹಿಂದಿನ ಸಣ್ಣ ಸ್ವಿಚ್ಚು?
ಅಂಥದೊಂದು ಇರುವುದೇ ನನಗೆ ಗೊತ್ತಿರಲಿಲ್ಲ.
ಚಾಲೂ ಐತ್ರಿ ಅಂದುಬಿಟ್ಟೆ,
ಆಮೇಲೆ ಬಗ್ಗಿ ನೋಡಿದೆ. ಚಾಲೂನೇ ಇತ್ತು.
ಹೇಳಿದ ಸುಳ್ಳು ನಿಜವಾದ ಖುಷಿ, ಒಂದು ನಿಮಿಷ.

ಹನ್ನೊಂದಕ್ಕೆ ಗಂಗಾವತಿಯಿಂದ ಮುಬೀನಾ ಬಂದಳು.
ಬುರ್ಖಾದ ತೋಳು ಮಡಚಿ ಪಕ್ಕದ ತಗಡು ಬಿಚ್ಚಿದಳು.
ತೌಡು.
ಎಷ್ಟು ತೌಡು! ಒಂದು ಎಮ್ಮೆಗೆ ಒಂದು ಹೊತ್ತಿಗಾಗುವಷ್ಟು.
ಊರ ಮಿಲ್ಲುಗಳೆಲ್ಲ ಉಗುಳಿದ್ದು ಇಲ್ಲಿ ಬಂದು ಕೂತಿತ್ತು,
ಜೊತೆಗೊಂದು ಒಣಗಿದ ಹಲ್ಲಿ.
ಪೇಂಟಿನ ಬ್ರಷ್ಷಿನಿಂದ ಗುಡಿಸಿದಳು.
ಗುಂಡಿ ಒತ್ತಿದಳು. ಇಲ್ಲ.

"ಇನ್ನ ಒಂದೊಂದಾಗಿ" ಅಂದಳು.
ದೊಡ್ಡ ಪ್ಲಗ್ಗು ಕಿತ್ತು,
ನನ್ನ ಚೀಟಿ ಕಟ್ಟಿನ ಯು-ಪಿನ್ನು ನೆಟ್ಟಗೆ ಮಾಡಿ
ಹಸಿರು ವೈರಿಗೂ ಕರಿ ವೈರಿಗೂ ಸೇತುವೆ ಹಾಕಿದಳು.
ಸಪ್ಲೈ ಡಬ್ಬಿಯ ಫ್ಯಾನು ತಿರುಗಿತು.
"ಇದು ಜೀವಂತ ಐತಿ. ಇದರ ತಪ್ಪಲ್ಲ."
ಮೆಮೊರಿ ಪಟ್ಟಿ ಕಿತ್ತು, ಶಾಲೆ ಹುಡುಗರ ರಬ್ಬರಿನಿಂದ
ಅದರ ಹೊನ್ನಬಣ್ಣದ ಹಲ್ಲು ತಿಕ್ಕಿ ಕೂರಿಸಿದಳು. ಇಲ್ಲ.
ದುಂಡನೆಯ ಸೆಲ್ಲು ತೆಗೆದು ಹೊಸದು ಹಾಕಿದಳು. ಇಲ್ಲ.
ಹೊರಗೆ ಹಾರನ್ನು. ಟ್ರ್ಯಾಕ್ಟರಿನವನೊಬ್ಬ
ಬೈಯುತ್ತ ತಿರುಗಿಸಿಕೊಂಡು ಹೋದ.
ಅವಳು ತಲೆ ಎತ್ತಲಿಲ್ಲ.
ಸ್ಕ್ರೂಡ್ರೈವರಿನ ತುದಿಯನ್ನು
ಬೋರ್ಡಿನ ಮೂಲೆಯ ಎರಡು ಮುಳ್ಳುಗಳಿಗೆ
ಚಿಟಿಕೆ ಹೊಡೆಯುವಷ್ಟು ಹೊತ್ತು ತಾಗಿಸಿದಳು.

ಗೊರ್ರ್.

ಕೆಟ್ಟದ್ದು ಗುಂಡಿ!
ಒಳಗೆ ಎಲ್ಲರೂ ಎದ್ದೇ ಕೂತಿದ್ದರು,
ಬಾಗಿಲು ಬಡಿಯುವವನ ಕೈ ಮುರಿದಿತ್ತು.
ಯಂಕೋಬ ತನ್ನ ಹೆಬ್ಬೆರಳು ನೋಡಿಕೊಂಡ.

ಇಷ್ಟು ಹಳೆಯ ಪೆಟ್ಟಿಗೆಗೆ ಹೊಸ ಗುಂಡಿ ಎಲ್ಲಿ ಸಿಕ್ಕೀತು?
ರೀಸೆಟ್ಟಿನ ವೈರು ಕಿತ್ತು ಆ ಮುಳ್ಳುಗಳಿಗೆ ಸಿಕ್ಕಿಸಿದಳು.
"ಇವತ್ತಿಂದ ಸಣ್ಣ ಗುಂಡಿ ಒತ್ರಿ.
ದೊಡ್ಡದು ಬರೇ ನೋಡಾಕ."
ಮುನ್ನೂರು ರೂಪಾಯಿ. ತೌಡು ನಿಮಗೇ ಇರಲಿ, ಅಂತ ನಕ್ಕಳು.

ಕೊನೆಗೂ ಹುಲಿಗೆಪ್ಪನ ಚೀಟಿ ಬಂತು:
ಇಪ್ಪತ್ತನಾಲ್ಕು ಸಾವಿರದ ಆರುನೂರ ಇಪ್ಪತ್ತು.
ಕಿಟಕಿಯ ಸರಳಿಗೆ ಮುಖ ಒತ್ತಿ ಎರಡು ಸಲ ಓದಿದ.
"ಅಕ್ಕಾ, ಅರವತ್ತು ಕಿಲೋ ಎಲ್ಲಿ?"
ಬಿಸಿಲು, ಅಂದ ಯಂಕೋಬ.
ಗುಬ್ಬಿ, ಅಂದರು ಯಾರೋ.
ಕಾಟಾನೇ ಕೆಟ್ಟೈತಿ, ಅಂತ ಹಿಂದಿನ ಟ್ರ್ಯಾಕ್ಟರಿಂದ ಕೂಗು.
ನಾನು ಬೆವೆತೆ. ಮುಂಜಾನೆಯ ಅಂಕಿ ನಾನೂ ಕಂಡವಳು.

ಮುಬೀನಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.
"ಅಣ್ಣಾ, ಮುಂಜಾನೆ ನೀವೆಲ್ಲಿ ಇದ್ರಿ?"
"ಲಾರ್ಯಾಗ."
"ಈಗ?"

ಅವನು ತನ್ನ ಚಪ್ಪಲಿಯ ಕೆಳಗಿನ ನೆಲ ನೋಡಿದ.
ಏನೂ ಮಾತಾಡದೆ ಹೋಗಿ,
ಬಾಗಿಲು ತೆರೆದು, ಏರಿ ಕೂತ.
ಕೆಂಪಂಕಿ ನಡುಗಿ
ಎಂಬತ್ತಕ್ಕೆ ಬಂದು ನಿಂತಿತು.