ಗುಂಡಿಗಳ ಲೆಕ್ಕ

ಡಿಪೋ ಗೇಟಿನ ಹಲಗೆಯ ಮೇಲೆ
ಸ್ಟೋರ್ಸಿನ ಫಿಲೋಮಿನಾ ಸೀಮೆಸುಣ್ಣದಲ್ಲಿ ಬರೆದಳು:
ಐದು ಜನ, ಮೂವತ್ತು ದಿನ, ಹತ್ತು ಲಕ್ಷ ಹೆಜ್ಜೆ.
ಕೆಳಗೆ ಸಣ್ಣಕ್ಷರದಲ್ಲಿ,
ಇಂಚರಳ ರೇಸಿನ ಗಾಲಿಕುರ್ಚಿಗೆ.

ಸಾವಿರ ಹೆಜ್ಜೆಗೆ ಇಷ್ಟು ಅಂತ ಮಾತು.
ಬಸ್‌ಸ್ಟ್ಯಾಂಡಿನ ಹೂವಿನ ಸಾಕಮ್ಮ ಎರಡು ರೂಪಾಯಿ,
ಕ್ಯಾಂಟೀನಿನ ಪೈಗಳು ಐದು,
ಟಯರ್ ಅಂಗಡಿಯ ಮುನೀರ್ ಸಾಬರು ಹದಿನೈದು,
"ನೀವು ನಡೆಯೋದಿಲ್ಲ ಅನ್ನೋ ಧೈರ್ಯದ ಮೇಲೆ"
ಅಂತ ನಗುತ್ತಾ.
ನಗಲಿ.
ಡ್ರೈವರ್ ಡಾಕಪ್ಪ, ಇಪ್ಪತ್ತಾರು ವರ್ಷ
ಕೂತೇ ಊರೂರು ಸುತ್ತಿದವನು,
ಮೊದಲ ಬೆಳಿಗ್ಗೆ ತುಂಗಾ ಸೇತುವೆಯ ನಡುವೆ
ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟ:
"ಇದು ಇಷ್ಟು ಉದ್ದ ಅಂತ ಗೊತ್ತೇ ಇರಲಿಲ್ಲ ಮಾರಾಯ್ತಿ,
ಗೇರು ಬದಲಿಸೋದರೊಳಗೆ ಮುಗಿದುಹೋಗ್ತಿತ್ತು."

ಇಂಚರಳನ್ನು ಸ್ಟೇಡಿಯಮ್ಮಿನಲ್ಲಿ ಮೊದಲು ಕಂಡಾಗ
ನಾನು ಬಾಯಿ ತೆರೆಯುವ ಮುಂಚೆಯೇ ಹೇಳಿದ್ದಳು:
"ಕಾಲಿನ ಕಥೆ ಬೇಡ ಅಕ್ಕಾ.
ನೂರು ಮೀಟರಿನ ಟೈಮ್ ಕೇಳಿ."
ಕೇಳಿದೆ.
ಆಸ್ಪತ್ರೆಯಂಥ ಕುರ್ಚಿಯಲ್ಲಿ ಇಪ್ಪತ್ತೇಳು ಸೆಕೆಂಡು.
ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.
"ಕೆಟ್ಟದ್ದು," ಅಂದಳು.

ಹನ್ನೆರಡನೇ ದಿನ ನನ್ನ ಫೋನು
ಇಪ್ಪತ್ತೊಂದು ಸಾವಿರ ತೋರಿಸಿತು.
ವರ್ಕ್‌ಶಾಪಿನ ಹುಡುಗರಿಬ್ಬರು ಸ್ಪ್ಯಾನರಿನಲ್ಲಿ
ಡ್ರಮ್ಮು ಬಡಿದು ಕುಣಿದರು.
ಅವತ್ತು ನನ್ನದು ತೀರ್ಥಹಳ್ಳಿ ಟ್ರಿಪ್ಪು.
ಎರಡು ಸಲ ಹೋಗಿ, ಎರಡು ಸಲ ಬಂದು,
ಕ್ಯಾಶ್ ಬ್ಯಾಗಿನೊಳಗೆ ಫೋನು,
ಕಂಬಿ ಹಿಡಿದು ನಾನು ನಿಂತಲ್ಲೇ.
ಗಾಜನೂರಿನ ಗುಂಡಿ, ಸಕ್ರೆಬೈಲಿನ ಗುಂಡಿ,
ಮಂಡಗದ್ದೆ ತಿರುವಿನ ಆ ಹಳೇ ಗುಂಡಿ,
ಎತ್ತಿಹಾಕಿದಷ್ಟು ಸಲವೂ ಒಂದು ಹೆಜ್ಜೆ.

ಹೇಳಿಬಿಟ್ಟೆ.
"ಇರಲಿ ಬಿಡು," ಅಂದ ಡಾಕಪ್ಪ,
"ಗುಂಡಿಗಳೂ ಒಂಚೂರು ದೇಣಿಗೆ ಕೊಡಲಿ.
ಇಷ್ಟು ವರ್ಷ ನಮ್ಮ ಸೊಂಟದಿಂದ ವಸೂಲಿ ಮಾಡಿಲ್ವಾ?"
ಒಳ್ಳೇ ಕೆಲಸಕ್ಕೆ ತಾನೇ ಅಂತ ಇನ್ನ್ಯಾರೋ.
ತಾನೇ, ತಾನೇ.
ಬಸ್ಸಿನಲ್ಲಿ ಈ ಪದ ನಾನು ತುಂಬ ಕೇಳಿದ್ದೇನೆ,
ಟಿಕೆಟ್ಟಿಲ್ಲದವರ ಬಾಯಲ್ಲಿ.

ಇಂಚರ ಫೋನು ಇಸಿದುಕೊಂಡಳು.
ತೊಡೆಯ ಮೇಲಿಟ್ಟು ಮೈದಾನ ಒಂದು ಸುತ್ತು.
ಅಂಗೈ ರಬ್ಬರಿಗೆ ಬಡಿವ ಸದ್ದು ಆ ತುದಿಗೆ ಹೋಗಿ,
ಸಣ್ಣದಾಗಿ,
ತಿರುಗಿ ದೊಡ್ಡದಾಗಿ ಬಂತು.
ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿರುವಾಗಲೇ
ಫೋನು ತಿರುಗಿಸಿ ತೋರಿಸಿದಳು.
ಸೊನ್ನೆ.

"ರಸ್ತೆ ಕುಣಿದದ್ದು ಇದಕ್ಕೆ ಗೊತ್ತಾಗುತ್ತೆ ಅಕ್ಕಾ,
ನಾನು ಹೋದದ್ದು ಗೊತ್ತಾಗಲ್ಲ."
ಸಿಟ್ಟೇನೂ ಇರಲಿಲ್ಲ.
ತರಕಾರಿಯವನ ತಕ್ಕಡಿ ವಾಲಿದ್ದನ್ನು
ಬೆರಳು ಮಾಡಿ ತೋರಿಸಿದ ಹಾಗೆ, ಅಷ್ಟೇ.

ಆ ರಾತ್ರಿ ಬಿಸ್ಕತ್ತಿನ ಡಬ್ಬಿಯ ತಳದಿಂದ
ಹಳೇ ಟಿಕೆಟ್ ಪಂಚು ಹುಡುಕಿ ತೆಗೆದೆ.
ಮೆಷೀನು ಬರುವ ಮುಂಚಿನದು. ಎಣ್ಣೆ ಬಿಟ್ಟೆ.
ಬೆಳಿಗ್ಗೆ ಮೈದಾನದ ಅಂಚಿಗೆ ಕೂತು
ಅವಳು ಹತ್ತು ಸಲ ತಳ್ಳಿದರೆ
ಹಳೇ ಟಿಕೆಟ್ಟಿಗೊಂದು ತೂತು.
ಒಂದು ಸುತ್ತಿಗೆ ಇಪ್ಪತ್ತೆರಡು ತೂತು.
ಹಲಗೆಯಲ್ಲಿ ಐದು ಅಳಿಸಿ ಆರು ಆಯಿತು,
ನನ್ನ ಇಪ್ಪತ್ತೊಂದು ಸಾವಿರ ಅಳಿಸಿ ನಾಲ್ಕು.
ಕೈಯದ್ದಕ್ಕೂ ಇದೇ ರೇಟಾ ಅಂತ ಕೇಳಿದ್ದಕ್ಕೆ
ಸಾಕಮ್ಮ ಮಾಲೆಯಿಂದ ತಲೆ ಎತ್ತದೆ ಅಂದಳು:
"ಕೈಯದ್ದಕ್ಕೆ ಮೂರು."

ಮೂವತ್ತನೇ ದಿನ, ಹನ್ನೊಂದು ಸಾವಿರ ರೂಪಾಯಿ ಕಮ್ಮಿ.
ಮುನೀರ್ ಸಾಬರು ತಮ್ಮ ಪಾಲನ್ನು
ಬೈಯುತ್ತಾ ಎರಡು ಸಲ ಎಣಿಸಿ ಕೊಟ್ಟರು.
ಡಾಕಪ್ಪ ಎರಡು ದಿನ ನನ್ನೊಡನೆ ಮಾತು ಬಿಟ್ಟ,
ಮೂರನೇ ದಿನ ಐದು ಗಂಟೆಗೇ ಬಾಗಿಲು ಬಡಿದ:
"ಏಳು, ಇನ್ನೊಂದು ತಿಂಗಳು ನಡೀಬೇಕಂತೆ."

ಕುರ್ಚಿ ಇನ್ನೂ ಬಂದಿಲ್ಲ.
ಅಳತೆಗೆ ಅವಳ ಸೊಂಟ, ತೋಳು ಬರೆದು ಕಳಿಸಿದ್ದಾರೆ.

ನಿನ್ನೆ ಗಾಜನೂರು ದಾಟುವಾಗ
ಬ್ಯಾಗಿನೊಳಗಿಂದ ಫೋನು ಕುಣಿಯಿತು,
ಅಭಿನಂದನೆ, ಇಂದಿನ ಗುರಿ ಮುಟ್ಟಿದಿರಿ.
"ಇಲ್ಲ ಮಾರಾಯ," ಅಂದೆ.
ಎದುರು ಸೀಟಿನ ಅಜ್ಜ ತನಗೇ ಅಂದೆನೆಂದು
ಕಾಲು ಒಳಕ್ಕೆಳೆದುಕೊಂಡ.